ಅಡುಗೆ ಬೇರೆ ಮಾಡಿದೆವು, ಹೊಲ ಕೂಡಿಯೇ ಇಟ್ಟೆವು

ನಮ್ಮ ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆ ಅಣ್ಣ-ತಮ್ಮ ಬೇರೆಯಾದರು ಅಂದರೆ ಎಲ್ಲವೂ ಬೇರೆ ಅಂತಲೇ ಅರ್ಥ. ಹೊಲದ ನಡುವೆ ಬದು ಬೀಳುತ್ತದೆ. ಒಬ್ಬ ಟ್ರ್ಯಾಕ್ಟರ್ ಇಟ್ಟುಕೊಂಡರೆ ಇನ್ನೊಬ್ಬ ಬಾಡಿಗೆಗೆ ಅಲೆಯುತ್ತಾನೆ, ಗೊಬ್ಬರದಂಗಡಿಯಲ್ಲಿ ಎರಡು ಉದ್ರಿ ಖಾತೆ ಶುರುವಾಗುತ್ತವೆ. ಮಾವ ತೀರಿಕೊಂಡ ಮೇಲೆ ನಾವು ಅಡುಗೆ ಮಾತ್ರ ಬೇರೆ ಮಾಡಿದೆವು.

ಅದಕ್ಕೆ ಜಗಳ ಕಾರಣವಲ್ಲ. ನೆಗೆಣ್ಣಿಯ ಮಕ್ಕಳು ಇನ್ನೂ ಚಿಕ್ಕವರು, ನನ್ನವರು ಕಾಲೇಜಿಗೆ ಬಂದಿದ್ದರು. ಒಂದೇ ಕಡೆಯಿಂದ ಒಬ್ಬರಿಗೆ ಹಾಲಿನ ದುಡ್ಡು, ಇನ್ನೊಬ್ಬರಿಗೆ ಫೀಸು ಹೋಗುವಾಗ ಯಾರಿಗೆ ಜಾಸ್ತಿ ಆಯಿತು ಅನ್ನೋದು ಬಾಯಿಗೆ ಬರದಿದ್ದರೂ ಮನಸ್ಸಿನಲ್ಲಿ ಕೂರುತ್ತದೆ, ಅಲ್ವಾ? ರೇಷನ್ ಕಾರ್ಡಿನ ವಿಷಯವೂ ಇತ್ತು. ಗೃಹಲಕ್ಷ್ಮಿಯ 2000 ರೂಪಾಯಿ ಕಾರ್ಡಿನಲ್ಲಿ ಯಜಮಾನಿ ಅಂತ ಇರುವ ಒಬ್ಬರಿಗೆ ಮಾತ್ರ ಬರುತ್ತದೆ, ಮನೆಯಲ್ಲಿ ಮೂವರು ಹೆಂಗಸರಿದ್ದರೂ ಅಷ್ಟೇ. ಅತ್ತೆ ಕೇಳಿದಾಗ ಇಲ್ಲ ಅಂದವರಲ್ಲ. ಆದರೂ ಕೇಳಿ ಪಡೆಯೋದೇ ಬೇರೆ, ನಮ್ಮ ಖಾತೆಗೆ ಬರೋದೇ ಬೇರೆ.

ಹೊಲದ ಲೆಕ್ಕ ನಾನೇ ಬರೆಯುತ್ತೇನೆ. ಉದ್ದನೆಯ ಲೆಕ್ಕದ ಬುಕ್ಕು, ಎಡಗಡೆ ಖರ್ಚು, ಬಲಗಡೆ ಜಮಾ. ಭತ್ತ 75 ಕೆಜಿ ಚೀಲದ ಲೆಕ್ಕದಲ್ಲಿ ಹೋಗುತ್ತದೆ, ದಲಾಲಿ ಅಂಗಡಿಯ ಚೀಟಿಯನ್ನು ಆಯಾ ಪುಟಕ್ಕೇ ಪಿನ್ ಹಾಕುತ್ತೇನೆ. ಮನೆಯವರು ಹೊಲದಲ್ಲಿ ದುಡಿದರೆ ಊರಿನ ದರದಲ್ಲೇ ಕೂಲಿ ಹಿಡಿಯುತ್ತೇವೆ, ನಾಟಿಗೆ ನಾನು, ನೆಗೆಣ್ಣಿ ಇಳಿದರೆ ನಮಗೂ ಅದೇ. ಕೂಡಿ ಸಾಗುವಳಿ ಮುರಿಯೋದು ಹೆಚ್ಚಾಗಿ ಇಲ್ಲೇ. ಒಬ್ಬ ದಿನವಿಡೀ ನೀರು ಕಟ್ಟುತ್ತಾನೆ, ಇನ್ನೊಬ್ಬ ಪೇಟೆ ಕೆಲಸ ಅಂತ ಹೋಗುತ್ತಾನೆ, ಸುಗ್ಗಿಯಲ್ಲಿ ಇಬ್ಬರಿಗೂ ಸಮ. ಹೇಗೆ ಉಳಿದೀತು?

ಸಾಲ, ಕೂಲಿ ಕಳೆದು, ಆಪತ್ತಿಗೆ ಅಂತ ಒಂದಿಷ್ಟು ತೆಗೆದಿಟ್ಟು, ಉಳಿದದ್ದನ್ನು ನಾಲ್ಕು ಪಾಲು ಮಾಡುತ್ತೇವೆ: ಅತ್ತೆ, ನನ್ನ ಗಂಡ, ಮೈದುನ, ನಾದಿನಿ. ನಾದಿನಿಗೆ ಯಾಕೆ, ಮದುವೆಯಲ್ಲಿ ಬಂಗಾರ ಹಾಕಿದ್ದೀರಲ್ಲ ಅಂತ ಕೇಳಿದವರು ಬಹಳ. ಹೊಲ ಮಾವ ಸ್ವಂತ ದುಡಿದು ಕೊಂಡದ್ದು, ವಿಲ್ ಬರೆದಿರಲಿಲ್ಲ. ಹಾಗಿದ್ದಾಗ ಹೆಂಡತಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಸಮ ಪಾಲು ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲೂ 2005ರ ತಿದ್ದುಪಡಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಅರಿಶಿನ ಕುಂಕುಮಕ್ಕೆ ಅಂತ ಸೀರೆ ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳೋದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ನಮ್ಮ ನಾದಿನಿ ತನ್ನ ಪಾಲಿನ ದುಡ್ಡಿನಲ್ಲಿ ಸಿಂಧನೂರಿನಲ್ಲಿ ಹೊಲಿಗೆ ಅಂಗಡಿ ಹಾಕಿದ್ದಾಳೆ. ಗಂಡನ ಮನೆಯಲ್ಲಿ ಈಗ ಅವಳನ್ನು ಕೇಳದೆ ಸಾಲ ಮಾಡುವುದಿಲ್ಲ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಊರಿಗೆ ಊರೇ ಕಂಗಾಲಾಗಿತ್ತು. ಉದ್ರಿ ಕೊಡಲು ಅಂಗಡಿಯವರು ಹಿಂದೆಮುಂದೆ ನೋಡಿದರು. ಆಪತ್ತಿಗೆ ಅಂತ ಇಟ್ಟ ದುಡ್ಡಿನಿಂದ ನಾವು ಯೂರಿಯಾ ನಗದು ಕೊಟ್ಟು ತಂದೆವು. ಬೇರೆ ಬೇರೆ ಇದ್ದಿದ್ದರೆ ಮೈದುನ ಬಡ್ಡಿ ಸಾಲಕ್ಕೆ ಹೋಗಬೇಕಿತ್ತು.

ಒಂದು ಮಾತು ಮಾತ್ರ ಮೊದಲೇ ಬರೆದಿಟ್ಟುಕೊಂಡಿದ್ದೇವೆ, ಎಲ್ಲರೂ ಸಹಿ ಹಾಕಿದ್ದೇವೆ. ಕೂಡಿ ಮಾಡೋದು ಬೇಡ ಅನ್ನಿಸಿದವರು ಸಸಿ ಮಡಿಗೆ ಬೀಜ ಹಾಕುವ ಮೊದಲು ಹೇಳಬೇಕು. ಬೆಳೆ ಹೊಲದಲ್ಲಿರುವಾಗ ಆ ಮಾತು ಎತ್ತುವಂತಿಲ್ಲ.