ಒಡ್ಡಿನ ತಪಾಸಣೆ: ದುಡ್ಡು ಎಲ್ಲಿ ಹಾಕಬೇಕು ಅನ್ನುವ ಲೆಕ್ಕ

ಪ್ರವಾಹ ತಡೆಯುವ ಒಡ್ಡುಗಳ ನಿರ್ವಹಣೆ ನನ್ನ ಕೈಗೆ ಬಂದಾಗ ಪದ್ಧತಿ ಸರಳವಾಗಿತ್ತು. ಬೇಸಿಗೆಯಲ್ಲಿ ಈ ತುದಿಯಿಂದ ಆ ತುದಿವರೆಗೆ ನಡೆಯುವುದು. ಪ್ರತಿ ತುಂಡಿಗೂ 1ರಿಂದ 5ರವರೆಗೆ ಅಂಕ ಕೊಡುವುದು, 1 ಅಂದರೆ ಗಟ್ಟಿಮುಟ್ಟು. 4 ಮುಟ್ಟಿದ್ದನ್ನು ರಿಪೇರಿಗೆ ಹಾಕುವುದು. ಫೈಲಿನಲ್ಲಿ ಎಲ್ಲ ಅಚ್ಚುಕಟ್ಟು.

ಒಂದು ಮಳೆಗಾಲ ಅದು ಕೈಕೊಟ್ಟಿತು. 2 ಅಂಕ ಸಿಕ್ಕಿದ್ದ ತುಂಡಿನ ಬುಡದಲ್ಲಿ, ಹುಲ್ಲಿನ ನಡುವೆ, ನೀರು ಬುಗ್ಗೆಯ ಹಾಗೆ ಉಕ್ಕುತ್ತಿತ್ತು. ಸುತ್ತ ನುಣ್ಣನೆ ಮರಳಿನ ಪುಟ್ಟ ಗುಡ್ಡೆ. ತಿಳಿನೀರು ಜಿನುಗಿದರೆ ಅಷ್ಟು ಗಾಬರಿ ಬೇಡ, ಕಣ್ಣಿಟ್ಟರೆ ಸಾಕು. ಕದಡಿದ ನೀರು ಬಂದರೆ ಒಡ್ಡಿನ ಅಡಿಯ ಮಣ್ಣೇ ಕೊಚ್ಚಿ ಹೋಗುತ್ತಿದೆ ಅಂತ ಅರ್ಥ. ಮರಳು ಚೀಲ ಪೇರಿಸಿ ಸುತ್ತ ಬಾವಿಕಟ್ಟೆಯಂತೆ ಕಟ್ಟಿದೆವು. ಬುಗ್ಗೆಯ ಬಾಯನ್ನೇ ಮುಚ್ಚಬಾರದು, ಮುಚ್ಚಿದರೆ ನೀರು ಪಕ್ಕದಲ್ಲಿ ಇನ್ನೊಂದು ದಾರಿ ಹುಡುಕುತ್ತದೆ. ಕಟ್ಟೆಯೊಳಗೆ ನೀರು ಏರಿ, ಒಡ್ಡಿನ ಎರಡೂ ಬದಿಯ ನೀರಿನ ಮಟ್ಟದ ಅಂತರ ಕಡಿಮೆಯಾಗಿ, ಮಣ್ಣು ಬರುವುದು ನಿಂತರೆ ಸಾಕು. ಬೆಳಗಿನ ಹೊತ್ತಿಗೆ ನೀರು ತಿಳಿಯಾಯಿತು. ನಾನು ಅಂಕ ಕೊಟ್ಟದ್ದು ಒಣಗಿದ ಒಡ್ಡಿಗೆ! ಆಗ ಒಸರು ಕಾಣೋದಾದರೂ ಹೇಗೆ?

ಆಮೇಲೆ ಕ್ರಮ ಬದಲಿಸಿದೆ. ತಪಾಸಣೆಗೆ ಹೊರಡುವ ಮುಂಚೆ ಕೇಳಿಕೊಳ್ಳುವುದು ಇಷ್ಟೇ: ಅಲ್ಲಿ ಏನು ಕಂಡರೆ ನನ್ನ ತೀರ್ಮಾನ ಬದಲಾಗುತ್ತದೆ? ಹೇಗಿದ್ದರೂ ರಿಪೇರಿ ಮಾಡಲೇಬೇಕಾದ ತುಂಡನ್ನು ಮತ್ತೆ ಮತ್ತೆ ಅಳೆಯುವುದು ಸುಮ್ನೆ ದಂಡ. ಒಡೆದರೂ ಖಾಲಿ ಬಯಲಿಗೆ ನೀರು ಹೋಗುವ ಕಡೆಯೂ ಜಾಸ್ತಿ ಓಡಾಟ ಬೇಡ.

ಒಡ್ಡು ಎಷ್ಟು ವರ್ಷಕ್ಕೆ ಹದಗೆಡುತ್ತದೆ ಅಂತ ಒಂದೇ ಅಂಕಿ ಬರೆಯುವುದನ್ನೂ ಬಿಟ್ಟೆ. ಬೇಗ ಅಂದರೆ ಎಷ್ಟು, ತಡ ಅಂದರೆ ಎಷ್ಟು, ಇವೆರಡರ ನಡುವೆ ಒಂದು. ಪ್ರತಿ ಅಂದಾಜಿಗೂ ಒಡೆಯುವ ಸಾಧ್ಯತೆಯನ್ನು ಆಗುವ ನಷ್ಟದಿಂದ ಗುಣಿಸಿ, ಖರ್ಚು ಕೂಡಿಸಿ, ಈಗಲೇ ರಿಪೇರಿ ಮಾಡಬೇಕೇ ಕಾಯಬೇಕೇ ಅಂತ ನೋಡುತ್ತೇನೆ. ಎಕ್ಸೆಲ್ ಸಾಕು. 1953ರ ಪ್ರವಾಹದ ನಂತರ ನೆದರ್ಲೆಂಡ್ಸ್‌ನಲ್ಲಿ ಗಣಿತಜ್ಞ ವಾನ್ ಡಾಂಟ್ಸಿಗ್ ಒಡ್ಡು ಎಷ್ಟು ಎತ್ತರ ಇರಬೇಕು ಅನ್ನುವುದನ್ನು ಇದೇ ದಾರಿಯಲ್ಲಿ ಲೆಕ್ಕ ಹಾಕಿದ್ದರು. ನಾನು ಅದನ್ನು ರಿಪೇರಿಗೆ ಇಳಿಸಿಕೊಂಡೆ, ಅಷ್ಟೆ. ಮೂರೂ ಅಂದಾಜಿಗೆ ಒಂದೇ ಉತ್ತರ ಬಂದರೆ ತಪಾಸಣೆ ಮುಂದೂಡುತ್ತೇನೆ. ಒಂದು 'ಈಗಲೇ' ಅಂದು ಇನ್ನೊಂದು 'ಬೇಡ' ಅಂದರೆ, ತಪಾಸಣೆಯ ದುಡ್ಡು ಅಲ್ಲಿಗೆ.

ತಪಾಸಣೆಯೂ ಸುಳ್ಳು ಹೇಳುತ್ತದೆ, ಅಲ್ವಾ? ಒಂದೇ ತುಂಡಿಗೆ ಇಬ್ಬರನ್ನು ಬೇರೆ ಬೇರೆ ದಿನ ಕಳಿಸಿದ್ದೆ. ಒಬ್ಬರು 2 ಕೊಟ್ಟರು, ಇನ್ನೊಬ್ಬರು 4. ಹುಲ್ಲು ಕೊಯ್ದ ಮೇಲೆ ಹೋದವರಿಗೆ ಪ್ರಾಣಿಗಳು ತೋಡಿದ ಬಿಲಗಳು ಕಂಡಿದ್ದವು. ಮೊದಲು ಹೋದವರು ನೋಡಿದ್ದು ಮೊಣಕಾಲೆತ್ತರದ ಹಸಿರು ಮಾತ್ರ.

ಈಗ ಮೊದಲು ಹುಲ್ಲು ಕೊಯ್ಯಿಸುತ್ತೇನೆ. ನೀರು ಏರಿದ ದಿನ ಬುಡ ನೋಡಲು ಜನ ಇಟ್ಟಿದ್ದೇನೆ. ಅವರು ಮೊದಲು ಹೋಗುವುದು ಪೈಪು ಒಡ್ಡನ್ನು ದಾಟುವ ಜಾಗಕ್ಕೆ. ಕಾಂಕ್ರೀಟೂ ಮಣ್ಣೂ ಸೇರುವ ಆ ಸಂದಿನಲ್ಲಿ ನೀರು ದಾರಿ ಮಾಡಿಕೊಳ್ಳುವುದು ಸುಲಭ.