ಕೇಬಲ್ ಲೆಕ್ಕ, ಸಿ ಪ್ರೋಗ್ರಾಂ: ಕಾಂಪ್ಲೆಕ್ಸ್ ಸಂಖ್ಯೆಯ ವಿಲೋಮ ಹೈಪರ್ಬಾಲಿಕ್ ತೆಗೆಯುವುದು ಹೇಗೆ?

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೀರಿ, ಲ್ಯಾಬಿನಲ್ಲಿ ಉದ್ದದ ಕೇಬಲ್ ಕೊಟ್ಟಿದ್ದಾರೆ ಅಂದುಕೊಳ್ಳಿ. ಆಚೆ ತುದಿಯನ್ನು ಒಮ್ಮೆ ಓಪನ್ ಬಿಟ್ಟು, ಒಮ್ಮೆ ಶಾರ್ಟ್ ಮಾಡಿ ಇಂಪೀಡೆನ್ಸ್ (ಎಸಿ ಕರೆಂಟಿಗೆ ಒಡ್ಡುವ ತಡೆ) ಅಳೆಯಿರಿ. ಶಾರ್ಟ್ ಬೆಲೆಯನ್ನು ಓಪನ್ ಬೆಲೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಸಿಗುವುದು ಒಂದು ಹೈಪರ್ಬಾಲಿಕ್ ಟ್ಯಾನ್. ಸಿಗ್ನಲ್ ಎಷ್ಟು ಕುಗ್ಗಿತು, ಫೇಸ್ ಎಷ್ಟು ತಿರುಗಿತು ಎಂಬುದು ಅದರೊಳಗೇ ಇದೆ. ಹೊರಗೆ ತೆಗೆಯಲು ವಿಲೋಮ ಬೇಕು.

1999ರ ಸಿ ಸ್ಟ್ಯಾಂಡರ್ಡ್‌ನಿಂದಲೇ ಇದಕ್ಕೆ ಸಿದ್ಧ ಫಂಕ್ಷನ್‌ಗಳಿವೆ. ಕಾಂಪ್ಲೆಕ್ಸ್ ಡಾಟ್ ಎಚ್ ಹೆಡರ್ ಸೇರಿಸಿ, ವೇರಿಯಬಲ್‌ಗಳನ್ನು ಡಬಲ್ ಕಾಂಪ್ಲೆಕ್ಸ್ ಎಂದು ಬರೆಯಿರಿ. ಮಾಮೂಲಿ ಫಂಕ್ಷನ್ ಹೆಸರಿನ ಆರಂಭಕ್ಕೆ ಒಂದು 'ಸಿ' ಅಕ್ಷರ ಹಚ್ಚಿದರೆ ಆಯಿತು. ಹೈಪರ್ಬಾಲಿಕ್ ಸೈನ್, ಕಾಸ್, ಟ್ಯಾನ್ ಮೂರರ ವಿಲೋಮಕ್ಕೂ ಇದೇ ರೀತಿ: casinh, cacosh, catanh. ಪ್ರಿಂಟ್ ಮಾಡುವಾಗ ವಾಸ್ತವ ಭಾಗ, ಕಾಲ್ಪನಿಕ ಭಾಗ ಬೇರೆ ಬೇರೆ ತೆಗೆಯಬೇಕು. ಲಿನಕ್ಸ್‌ನಲ್ಲಿ ಕಂಪೈಲ್ ಮಾಡುವಾಗ ಫೈಲ್ ಹೆಸರಿನ ನಂತರ, ಗಣಿತದ ಲೈಬ್ರರಿ ಜೋಡಿಸುವ ಮೈನಸ್ ಎಲ್‌ಎಮ್ (-lm) ಮರೆಯಬೇಡಿ.

ಸೂತ್ರ ಗೊತ್ತಿದೆಯಲ್ಲ ಎಂದು ಕೈಯಾರೆ ಬರೆಯುವ ಉಮೇದು ಬೇಡ. ವಿಲೋಮ ಕಾಸ್‌ಗೆ ಪುಸ್ತಕದ ಸೂತ್ರ: ಸಂಖ್ಯೆಗೆ, ಅದರ ವರ್ಗದಲ್ಲಿ 1 ಕಳೆದು ತೆಗೆದ ಮೂಲವನ್ನು ಕೂಡಿಸಿ ಲಾಗ್ ತೆಗೆಯುವುದು. ಮೈನಸ್ 2 ಹಾಕಿ ನೋಡಿ. ವಾಸ್ತವ ಭಾಗ ಮೈನಸ್ 1.317 ಬರುತ್ತದೆ. ಲೈಬ್ರರಿ ಕೊಡುವುದು ಪ್ಲಸ್ 1.317, ಸ್ಟ್ಯಾಂಡರ್ಡ್ ಪ್ರಕಾರ ಅಲ್ಲಿ ವಾಸ್ತವ ಭಾಗ ಋಣವಾಗುವಂತೆಯೇ ಇಲ್ಲ. ಆ ಒಂದು ಮೂಲದ ಬದಲು, ಸಂಖ್ಯೆಗೆ 1 ಕೂಡಿಸಿ ಒಂದು ಮೂಲ, ಸಂಖ್ಯೆಯಲ್ಲಿ 1 ಕಳೆದು ಇನ್ನೊಂದು ಮೂಲ ಬೇರೆ ಬೇರೆ ತೆಗೆದು ಗುಣಿಸಿದರೆ ಕೈಸೂತ್ರವೂ ಸರಿಹೋಗುತ್ತದೆ. ಅಷ್ಟೆಲ್ಲ ಯಾಕೆ, ಫಂಕ್ಷನ್ ಇದೆಯಲ್ವಾ?

ಈಗ ನಮ್ಮ ಕೇಬಲ್. ವರ್ಗಮೂಲ 0.5495 ಮೈನಸ್ 2.0654 ಐ ಬಂತು ಎನ್ನಿ. ವಿಲೋಮ ಟ್ಯಾನ್ ಕೊಡುವ ಉತ್ತರ ಸುಮಾರು 0.1 ಮೈನಸ್ 1.1416 ಐ. ವಾಸ್ತವ ಭಾಗ ಸಿಗ್ನಲ್ ಕುಗ್ಗಿದ್ದು, ಕಾಲ್ಪನಿಕ ಭಾಗ ಫೇಸ್. ಫೇಸ್ ಋಣ ಹೇಗಾದೀತು? ಫಂಕ್ಷನ್ ತಪ್ಪು ಮಾಡಿಲ್ಲ. ಹೈಪರ್ಬಾಲಿಕ್ ಟ್ಯಾನ್ ಕಾಲ್ಪನಿಕ ದಿಕ್ಕಿನಲ್ಲಿ ಪ್ರತಿ ಪೈಗೆ ಒಮ್ಮೆ ಮರುಕಳಿಸುತ್ತದೆ; ಹಾಗಾಗಿ ಫಂಕ್ಷನ್ ಸುಮ್ನೆ ಮೈನಸ್ ಅರ್ಧ ಪೈಯಿಂದ ಪ್ಲಸ್ ಅರ್ಧ ಪೈವರೆಗಿನ ಉತ್ತರವನ್ನಷ್ಟೇ ಕೊಡುತ್ತದೆ. ಒಂದು ಪೈ ಕೂಡಿಸಿ: 2.0. ಕೇಬಲ್ ಇನ್ನೂ ಉದ್ದವಿದ್ದರೆ ಜಾಸ್ತಿ ಪೈ ಬೇಕಾಗಬಹುದು. ಎಷ್ಟು ಎಂದು ತಿಳಿಯಲು ಕಡಿಮೆ ಫ್ರೀಕ್ವೆನ್ಸಿಯಿಂದ ಶುರುಮಾಡಿ ಸಣ್ಣ ಸಣ್ಣದಾಗಿ ಏರಿಸುತ್ತಾ ಅಳೆಯಿರಿ. ಫೇಸ್ ಅರ್ಧ ಪೈ ಹತ್ತಿರ ಹೋಗಿ ತಟ್ಟನೆ ಋಣಕ್ಕೆ ಹಾರಿದಾಗಲೆಲ್ಲ, ಅಲ್ಲಿಂದ ಮುಂದಿನ ಎಲ್ಲ ಉತ್ತರಗಳಿಗೂ ಒಂದೊಂದು ಪೈ ಕೂಡಿಸುತ್ತಾ ಹೋಗಿ.