ಸೋಲಬಲ್ಲ ಊಹೆ ಕಟ್ಟುವುದು ಹೇಗೆ?

ಮನಃಶಾಸ್ತ್ರದ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಕೊಟ್ಟರೆ ಮೊದಲ ತಲೆನೋವು ಹೈಪಾಥಿಸಿಸ್, ಅಂದರೆ ಊಹೆ. ‘ಮೊಬೈಲ್ ಬಳಕೆ ಮನಸ್ಸಿನ ಮೇಲೆ ಪರಿಣಾಮ ಬೀರುತ್ತದೆ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುವವರೇ ಜಾಸ್ತಿ. ಏನೇ ಆದರೂ ಈ ಮಾತು ಸುಳ್ಳಾಗುವುದಿಲ್ಲ. ಸುಳ್ಳಾಗಲಾರದ ಮಾತನ್ನು ಪರೀಕ್ಷೆ ಮಾಡುವುದಾದರೂ ಹೇಗೆ? ಒಳ್ಳೆಯ ಊಹೆಗೆ ಸೋಲುವ ದಾರಿ ಇರಬೇಕು. ಅಂಥದ್ದೊಂದು ಊಹೆ ಹುಟ್ಟಿ ಬೆಳೆದದ್ದನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

1. ಎಲ್ಲರೂ ಒಪ್ಪಿದ ಉತ್ತರವನ್ನು ಅನುಮಾನಿಸಿ

1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಕಿಟ್ಟಿ ಜಿನೊವೀಸ್ ಎಂಬ 28 ವರ್ಷದ ಯುವತಿಯ ಕೊಲೆಯಾಯಿತು. 38 ಮಂದಿ ನೋಡುತ್ತಿದ್ದರೂ ದಾಳಿ ನಡೆಯುವಾಗ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಎಂದು ‘ನ್ಯೂಯಾರ್ಕ್ ಟೈಮ್ಸ್’ ಬರೆಯಿತು. ಸಿಟಿ ಜನಕ್ಕೆ ಕರುಳೇ ಇಲ್ಲ ಎಂದು ಎಲ್ಲರೂ ಬೈದರು. ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಮಾತ್ರ ಬೇರೆ ಪ್ರಶ್ನೆ ಕೇಳಿದರು. ಅಷ್ಟು ಜನ ಇದ್ದೂ ಯಾರೂ ಏನೂ ಮಾಡಲಿಲ್ಲವೋ, ಅಷ್ಟು ಜನ ಇದ್ದದ್ದಕ್ಕೇ ಮಾಡಲಿಲ್ಲವೋ?

2. ‘ಯಾಕೆ’ ಎಂಬುದನ್ನು ಬರೆಯಿರಿ

ಇಲ್ಲಿ ಸಿದ್ಧಾಂತ ಕಣ್ಣುಬಿಡುತ್ತದೆ. ಮನೆ ತುಂಬ ಜನರಿದ್ದಾಗಲೇ ಒಲೆ ಮೇಲಿನ ಹಾಲು ಉಕ್ಕಿ ಹೋಗುವುದು, ಅಲ್ವಾ? ‘ಯಾರಾದರೂ ನೋಡ್ಕೋತಾರೆ ಬಿಡು’ ಎಂದು ಪ್ರತಿಯೊಬ್ಬರೂ ಅಂದುಕೊಂಡಿರುತ್ತಾರೆ. ಜವಾಬ್ದಾರಿ ಹಂಚಿಹೋಗಿ ಯಾರ ಪಾಲಿಗೂ ಪೂರ್ತಿ ಬರುವುದಿಲ್ಲ. ಡಾರ್ಲಿ, ಲಟಾನೆ ಕೊಟ್ಟ ಕಾರಣ ಇದೇ.

3. ಅದನ್ನು ಅಳತೆಗೆ ಇಳಿಸಿ

ಕಾರಣ ಎಷ್ಟೇ ಚೆನ್ನಾಗಿದ್ದರೂ ಊಹೆಯಲ್ಲಿ ಎಣಿಸಲು ಏನಾದರೂ ಬೇಕು. ಅವರ ಊಹೆ ಹೀಗಿತ್ತು: ಅಪಾಯ ಇನ್ನೂ ಹಲವರಿಗೆ ಗೊತ್ತಿದೆ ಎಂದು ತಿಳಿದವನು ಸಹಾಯಕ್ಕೆ ಬರುವ ಸಾಧ್ಯತೆ ಕಡಿಮೆ, ಬಂದರೂ ತಡವಾಗಿ ಬರುತ್ತಾನೆ. ಸೋಲುವ ದಾರಿಯೂ ಇಲ್ಲೇ ಇದೆ. ಗುಂಪು ದೊಡ್ಡದಾದರೂ ಅಂಕಿ ಬದಲಾಗದಿದ್ದರೆ ಊಹೆ ಬಿದ್ದುಹೋಯಿತು.

4. ಒಂದೇ ಅಂಶ ಬದಲಿಸಿ, ಉಳಿದದ್ದು ಹಾಗೇ ಇರಲಿ

ಅವರ 1968ರ ಪ್ರಯೋಗ ಇವತ್ತಿಗೂ ಕಲಿಯಲು ಯೋಗ್ಯ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನನ್ನು ಸಣ್ಣ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್, ಮೈಕ್ ಕೊಡುತ್ತಿದ್ದರು. ಚರ್ಚೆಯ ವಿಷಯ ಕಾಲೇಜು ಜೀವನದ ಕಷ್ಟಗಳು, ಸಂಕೋಚ ಬೇಡವೆಂದು ಎಲ್ಲರೂ ಬೇರೆ ಬೇರೆ ಕೋಣೆಯಲ್ಲಿದ್ದಾರೆ ಎಂದು ನಂಬಿಸುತ್ತಿದ್ದರು. ಮೊದಲು ಮಾತಾಡಿದವನು ತನಗೆ ಮೂರ್ಛೆರೋಗ ಇದೆ ಎಂದು ಅಳುಕುತ್ತಲೇ ಹೇಳುತ್ತಾನೆ. ಎರಡನೇ ಸುತ್ತಿನಲ್ಲಿ ಅವನ ಮಾತು ತೊದಲತೊಡಗುತ್ತದೆ. ಸಹಾಯ ಬೇಡುತ್ತಾನೆ, ಉಸಿರುಗಟ್ಟುತ್ತದೆ, ಆಮೇಲೆ ಸದ್ದೇ ಇಲ್ಲ. ಅಸಲಿಗೆ ಆ ದನಿಗಳೆಲ್ಲ ಮೊದಲೇ ರೆಕಾರ್ಡ್ ಮಾಡಿಟ್ಟವು. ಮುಖ್ಯವಾಗಿ ಬದಲಾಗುತ್ತಿದ್ದದ್ದು ಒಂದೇ ಸಂಗತಿ: ಚರ್ಚೆಯಲ್ಲಿ ಎಷ್ಟು ಜನ ಇದ್ದಾರೆ ಎಂಬ ಆ ವಿದ್ಯಾರ್ಥಿಯ ನಂಬಿಕೆ.

‘ಸಹಾಯ’ ಎಂದರೇನು ಎಂಬುದನ್ನೂ ಮೊದಲೇ ಗಟ್ಟಿ ಮಾಡಿಕೊಂಡಿದ್ದರು. ಕೋಣೆಯಿಂದ ಎದ್ದು ಬಂದು ತಿಳಿಸಬೇಕು. ಎದ್ದು ಬರಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಗಡಿಯಾರ ನೋಡುತ್ತಿದ್ದರು. ಆರು ನಿಮಿಷ ಕಳೆದರೆ ಪ್ರಯೋಗ ಮುಗಿಯಿತು.

5. ಫಲಿತಾಂಶವನ್ನು ನಿಧಾನವಾಗಿ ಓದಿ

ರೋಗಿಯ ದನಿ ಕೇಳಿಸಿಕೊಂಡದ್ದು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ 85ರಷ್ಟು ಮಂದಿ ಆ ದನಿ ನಿಲ್ಲುವ ಮೊದಲೇ ಎದ್ದು ಬಂದರು. ಇನ್ನೊಬ್ಬರು ಇದ್ದಾರೆ ಎಂದುಕೊಂಡಾಗ ಶೇ 62. ಇನ್ನೂ ನಾಲ್ವರು ಇದ್ದಾರೆ ಎಂದುಕೊಂಡಾಗ ಶೇ 31.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಏಳದೇ ಕೂತವರ ಕಥೆ. ಕೊನೆಗೆ ಒಳಗೆ ಹೋಗಿ ನೋಡಿದರೆ ಎಷ್ಟೋ ಜನರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಅವನು ಹೇಗಿದ್ದಾನೆ ಎಂದು ಅವರೇ ಕೇಳಿದರು. ಕರುಳಿಲ್ಲದವರು ಹೀಗೆ ನಡುಗುತ್ತಾರಾ? ಎದುರಾಳಿ ವಿವರಣೆ ಇಲ್ಲಿ ಪೆಟ್ಟು ತಿಂದಿತು. ಬೇರೆಯವರು ಇದ್ದದ್ದರಿಂದ ನೀವು ಸುಮ್ನೆ ಕೂತಿರಾ ಎಂದು ಕೇಳಿದಾಗ ಮಾತ್ರ ಇಲ್ಲ ಎಂದೇ ಹೇಳಿದರು. ಬರೀ ಪ್ರಶ್ನಾವಳಿ ಹಂಚಿದ್ದರೆ ಇದು ಸಿಗುತ್ತಲೇ ಇರಲಿಲ್ಲ.

6. ‘ಸಾಬೀತಾಯಿತು’ ಎಂದು ಬರೆಯಬೇಡಿ

‘ಊಹೆಗೆ ಬೆಂಬಲ ಸಿಕ್ಕಿತು’ ಎಂದರೆ ಸಾಕು. ಮುಂದೆ ಏನಾಯಿತು ನೋಡಿ. 38 ಸಾಕ್ಷಿಗಳ ಕಥೆಗೆ ಆಧಾರ ಸಾಲದು ಎಂದು 2007ರಲ್ಲಿ ಸಂಶೋಧಕರು ತೋರಿಸಿದರು. ಸಿದ್ಧಾಂತಕ್ಕೆ ಅದರಿಂದ ಏನೂ ಆಗಲಿಲ್ಲ. ಅದು ನಿಂತಿದ್ದು ಪ್ರಯೋಗದ ಮೇಲೆ. ಆದರೆ ನಿಜವಾದ ಅಪಾಯ ಕಣ್ಣಿಗೆ ಕಾಣುವಾಗ, ಜನ ಹೆಚ್ಚಿದ್ದರೆ ಸಹಾಯ ಕಡಿಮೆಯಾಗುವ ಈ ಪರಿಣಾಮ ತಗ್ಗುತ್ತದೆ ಎಂದು 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಕಂಡಿತು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಮ್‌ಸ್ಟರ್‌ಡ್ಯಾಮ್, ಕೇಪ್‌ಟೌನ್, ಲ್ಯಾಂಕಾಸ್ಟರ್ ಬೀದಿ ಜಗಳಗಳ 219 ಸಿಸಿಟಿವಿ ದೃಶ್ಯಗಳನ್ನು ನೋಡಿತು. ಶೇ 91ರಷ್ಟು ಜಗಳಗಳಲ್ಲಿ ಕನಿಷ್ಠ ಒಬ್ಬರಾದರೂ ಮಧ್ಯೆ ಬಂದಿದ್ದರು. ಜನ ಜಾಸ್ತಿ ಇದ್ದಷ್ಟೂ ಯಾರಾದರೂ ಬರುವ ಸಾಧ್ಯತೆಯೂ ಜಾಸ್ತಿ.

ಹಾಗಾದರೆ ಹಳೆಯದು ಸುಳ್ಳೇ? ಲೆಕ್ಕ ಹಾಕಿ ನೋಡಿ. ಐವರಲ್ಲಿ ಪ್ರತಿಯೊಬ್ಬರೂ ಏಳುವ ಸಾಧ್ಯತೆ ಶೇ 31 ಆಗಿದ್ದು, ಒಬ್ಬರ ನಿರ್ಧಾರ ಇನ್ನೊಬ್ಬರನ್ನು ತಟ್ಟದಿದ್ದರೆ, ಕನಿಷ್ಠ ಒಬ್ಬರಾದರೂ ಏಳುವ ಸಾಧ್ಯತೆ ಸುಮಾರು ಶೇ 84. ‘ಒಬ್ಬೊಬ್ಬರೂ ಏನು ಮಾಡುತ್ತಾರೆ’, ‘ಯಾರಾದರೂ ಬರುತ್ತಾರಾ’ ಎರಡೂ ಬೇರೆ ಪ್ರಶ್ನೆಗಳು. ನಿಮ್ಮ ಊಹೆ ಯಾವುದರ ಬಗ್ಗೆ ಎಂದು ಮೊದಲೇ ಬರೆದಿಡಿ.

7. ಈಗ ನಿಮ್ಮದನ್ನು ಬರೆಯಿರಿ

ಉದಾಹರಣೆಗೆ: ‘ನೋಟ್ಸ್ ಬೇಕು ಎಂದು 50 ಜನರ ವಾಟ್ಸಾಪ್ ಗ್ರೂಪಿಗೆ ಕಳಿಸಿದ ಮೆಸೇಜಿಗಿಂತ, ಅದೇ ಮೆಸೇಜನ್ನು ಒಬ್ಬರಿಗೇ ಕಳಿಸಿದಾಗ ಆ ವ್ಯಕ್ತಿ ಒಂದು ಗಂಟೆಯೊಳಗೆ ಉತ್ತರಿಸುವ ಸಾಧ್ಯತೆ ಹೆಚ್ಚು.’ ಎಷ್ಟು ಮಂದಿಗೆ ಕಳಿಸುತ್ತೀರಿ, ಬರೀ ಎಮೋಜಿ ಬಂದರೆ ಉತ್ತರವೆಂದು ಎಣಿಸುತ್ತೀರಾ, ಇದನ್ನೆಲ್ಲ ಮಾಹಿತಿ ಕೈಗೆ ಬರುವ ಮೊದಲೇ ತಾರೀಖು ಹಾಕಿ ಗೈಡ್‌ಗೆ ಕೊಡಿ. ಆಮೇಲೆ ಫಲಿತಾಂಶಕ್ಕೆ ತಕ್ಕಂತೆ ಊಹೆ ತಿದ್ದುವ ಆಸೆಗೆ ಅದೇ ಕಡಿವಾಣ. ಹೇಳದೆ ಪರೀಕ್ಷಿಸುವುದಾದರೆ ಮೊದಲು ಕಾಲೇಜಿನ ಅನುಮತಿ ಪಡೆಯಿರಿ, ಮುಗಿದ ಮೇಲೆ ಭಾಗವಹಿಸಿದ ಎಲ್ಲರಿಗೂ ವಿಷಯ ತಿಳಿಸಿ.